ಎಲೆಯ ಪಕ್ಕ ಒಂದು ಲೋಟ ಚಹಾ

ಅವನ ಎರಡೂ ಅಂಗೈಗಳಲ್ಲಿ, ಬೆರಳುಗಳ ಬುಡದ ಕೆಳಗೆ, ಅಡ್ಡಕ್ಕೆ ಒಂದೊಂದು ಬಿಳಿಯ ಗೆರೆ ಇತ್ತು. ಹಸ್ತರೇಖೆಯಲ್ಲ. ಹಗ್ಗ ಜಾರಿ ಸುಲಿದು, ಮಾಗಿ, ಮತ್ತೆ ಸುಲಿದು ಗಟ್ಟಿಯಾದ ಚರ್ಮ. ಮುಂಬಯಿಯ ಸಾಂತಾಕ್ರೂಜ್ ಈಸ್ಟಿನ ನಮ್ಮ ಮೂರನೇ ಮಹಡಿಯ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತವನು ಮೊದಲು ಕೇಳಿದ್ದು ನೀರು. ಅಮ್ಮ ಲೋಟ ಚಾಚಿದಳು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡಾಗ ಆ ಗೆರೆಗಳು ಅವಳ ಕಣ್ಣಿಗೆ ಬಿದ್ದವು. ಸ್ವಲ್ಪ ಮುಂಚೆಯಷ್ಟೇ ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ, "ನಮಗೆ ಈ ರಗಳೆ ಬೇಡ, ಎಂತಾದರೂ ಹೇಳಿ ಕಳಿಸು ಮಾರಾಯ್ತಿ" ಎಂದಿದ್ದವಳು ಅವಳೇ.

"ಇದು ಬಲೆ ಎಳೆದ ಕೈ," ಎಂದಳು ನನ್ನ ಕಡೆ ತಿರುಗಿ. "ನನ್ನ ಅಪ್ಪನದ್ದು ಹೀಗೇ ಇತ್ತು. ಮೀನು ತಿನ್ತಾನಾ ಕೇಳು."

ತಿನ್ನುತ್ತಾನೆ ಎಂದು ಗೊತ್ತಾಯಿತು. ಅಲ್ಲಿಗೆ ಸಂದರ್ಶನ ಮುಗಿದು ಅವನು ನಮ್ಮ ಹಿಂದಿನ ಕೋಣೆಯ ಪೇಯಿಂಗ್ ಗೆಸ್ಟ್ ಆದ.

ಅವನ ಊರು ಗಾಝಾ. ನಾನು ಕಲೀನಾದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಪರದೇಶದ ವಿದ್ಯಾರ್ಥಿಗಳ ಕೆಲಸ ನನ್ನ ಮೇಜಿಗೆ ಬರುತ್ತದೆ. ಎಂ.ಎಸ್ಸಿ. ಓದಲು ಅವನಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ದು ಹಿಂದಿನ ವರ್ಷ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗಾಝಾದಿಂದ ಹೊರಬೀಳಲು ಇರುವ, ಈಜಿಪ್ತಿನ ಕಡೆಯ ಗಡಿಗೇಟು ತೆರೆಯಲಿಲ್ಲ. ತೆರೆದ ಅಪರೂಪದ ದಿನಗಳಲ್ಲಿ ಅವನ ಸರದಿ ಬರುವಷ್ಟರಲ್ಲಿ ಮುಚ್ಚಿತು. ಒಂದು ವರ್ಷ ತಡವಾಗಿ ಅವನು ಬಂದಾಗ ಹಾಸ್ಟೆಲಿನ ಕೋಣೆ ಬೇರೆಯವರ ಪಾಲಾಗಿತ್ತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಹಿಂದಿನ ಕೋಣೆ ಖಾಲಿ ಇತ್ತು. ಊರ ಕಡೆಯ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳೋಣ ಎಂದು ಅಮ್ಮ ಹೇಳುತ್ತಿದ್ದಳು. ನಾನು ಇವನನ್ನು ಕರೆದುಕೊಂಡು ಬಂದೆ.

ಸೊಸೈಟಿಯ ಸೆಕ್ರೆಟರಿ ಮರುದಿನವೇ ಮೇಲೆ ಬಂದರು. "ಆಂಟಿ, ಫಾರಿನರ್ ಹೈ. ಊಪರ್ ಸೆ ಮುಸಲ್ಮಾನ್. ಲೋಗ್ ಪೂಛ್ತೇ ಹೈಂ," ಎಂದರು. ಜನ ಯಾರೂ ಕೇಳಿರಲಿಲ್ಲ, ಅವರೇ ಕೇಳುತ್ತಿದ್ದರು. ಪೊಲೀಸ್ ವೆರಿಫಿಕೇಶನ್ ಮೊದಲೇ ಮಾಡಿಸಿಯಾಗಿದೆ ಎಂದೆ ನಾನು. ಅಮ್ಮ ಮಲ್ಪೆಯವಳು, ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಅವಳ ಹಿಂದಿಗೆ ಇನ್ನೂ ತುಳುವಿನ ವಾಸನೆ. "ಮಛ್ಲೀವಾಲೇ ಕಾ ಲಡ್ಕಾ ಹೈ. ಹಮಾರಾ ಜಾತ್ ಕಾ ಹೈ," ಮೀನಿನವನ ಮಗ, ನಮ್ಮದೇ ಜಾತಿ ಎಂದು ಬಾಗಿಲು ಹಾಕಿಕೊಂಡಳು. ಜಾತಿಯ ಬಗ್ಗೆ ಅಮ್ಮ ಆಡಿದ ಮಾತುಗಳಲ್ಲಿ ನನಗೆ ಒಪ್ಪಿಗೆಯಾದದ್ದು ಇದೊಂದೇ.

ಅವನು ತನ್ನ ಊರಿನ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ಅದು ಅವನ ಅಭ್ಯಾಸಗಳಿಂದ ತಾನಾಗಿಯೇ ಗೊತ್ತಾಗುತ್ತಿತ್ತು. ಬಂದ ಮೊದಲ ವಾರ, ನನ್ನಿಂದ ಕಲಿತ ಒಡಕು ಹಿಂದಿಯಲ್ಲಿ ಅಮ್ಮನನ್ನು ಕೇಳಿದ್ದು, "ಅಮ್ಮ, ಲೈಟ್ ಕಬ್ ಆತಾ ಹೈ?" ಕರೆಂಟು ಯಾವಾಗ ಬರುತ್ತದೆ ಎಂದು. ಫ್ಯಾನು ತಿರುಗುತ್ತಿತ್ತು, ಬಲ್ಬು ಉರಿಯುತ್ತಿತ್ತು, ಅವನು ಕೇಳುತ್ತಿದ್ದ. ಯಾವಾಗಲೂ ಇರುತ್ತದೆ ಎಂದರೆ ನಂಬಲಿಲ್ಲ. ಫೋನು, ಟಾರ್ಚು ಎಲ್ಲವನ್ನೂ ಸದಾ ಪ್ಲಗ್ಗಿಗೆ ಚುಚ್ಚಿಡುತ್ತಿದ್ದ, ಒಮ್ಮೆಗೇ ಇಡೀ ತಿಂಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಅವರಲ್ಲಿ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ. ಅದು ಬಂದಾಗ ಇಡೀ ಊರು ಎದ್ದು ನಿಲ್ಲುತ್ತದೆಯಂತೆ, ಹೆಂಗಸರು ಹಿಟ್ಟು ಕಲಸುತ್ತಾರೆ, ಮೋಟರು ಹಾಕುತ್ತಾರೆ, ಮಕ್ಕಳು ಪುಸ್ತಕ ತೆರೆಯುತ್ತಾರೆ.

ನೀರಿನ ವಿಷಯದಲ್ಲಿ ಮಾತ್ರ ಅವನು ಪಕ್ಕಾ ಮುಂಬಯಿಯವನು. ಬೆಳಿಗ್ಗೆ ನಲ್ಲಿ ಬಿಡುವ ಹೊತ್ತಿಗೆ ನಮಗಿಂತ ಮೊದಲೇ ಎದ್ದು ಡ್ರಮ್ಮು, ಬಕೆಟ್ಟು, ಕೊನೆಗೆ ಕುಕ್ಕರನ್ನೂ ತುಂಬಿಸಿಡುತ್ತಿದ್ದ. ಅವರ ನಲ್ಲಿಯಲ್ಲಿ ಬರುವುದು ಉಪ್ಪುನೀರು. ಕುಡಿಯುವ ನೀರನ್ನು ಗಾಡಿಯವನಿಂದ ಕೊಳ್ಳಬೇಕು. ನಾವು ಮೂಗು ಮುರಿಯುವ ನಮ್ಮ ನಲ್ಲಿಯ ನೀರನ್ನು ಅವನು ಕುಡಿದು "ಮೀಠಾ ಹೈ" ಎನ್ನುತ್ತಿದ್ದ. ಅವನು ಓದಲು ಬಂದದ್ದೂ ಅದನ್ನೇ, ನೀರಿನ ರಸಾಯನಶಾಸ್ತ್ರ.

ಅಮ್ಮ ಬೂತಾಯಿ ಮೀನಿಗೆ ಮಸಾಲೆ ಅರೆಯಲು ಕೊತ್ತಂಬರಿ ಹುರಿಯುತ್ತಿದ್ದ ಒಂದು ಭಾನುವಾರ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮೂಸಿದ. ಆಗ ನನಗೆ ಇಂಗ್ಲಿಷಿನಲ್ಲಿ ಹೇಳಿದ. ಅವನು ಶಾಲೆಯಲ್ಲಿದ್ದಾಗ ಗಾಝಾದಲ್ಲಿ ಒಂದು ಗುಂಪು ಅಧಿಕಾರ ಹಿಡಿಯಿತು, ಇಸ್ರೇಲಿನವರು ನೆಲ, ಆಕಾಶ, ಸಮುದ್ರ ಮೂರೂ ಕಡೆಯಿಂದ ಊರನ್ನು ಮುಚ್ಚಿದರು, ಉಳಿದ ಒಂದು ಬಾಗಿಲನ್ನು ಈಜಿಪ್ತಿನವರು ಮುಚ್ಚಿದರು. ಒಳಗೆ ಏನು ಬರಬಹುದು, ಏನು ಬರಬಾರದು ಎಂದು ಹೊರಗೆ ಕೂತವರು ತೀರ್ಮಾನಿಸುತ್ತಿದ್ದರು. ಕೆಲವು ವರ್ಷ ಕೊತ್ತಂಬರಿ ಬರಬಾರದು ಎಂದಿತ್ತು. ಶುಂಠಿಯೂ. ಚಾಕೊಲೇಟೂ.

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅವಳು ಸೌಟು ನಿಲ್ಲಿಸಿದಳು. "ಕೊತ್ತಂಬರಿಯಲ್ಲಿ ಬಾಂಬ್ ಮಾಡ್ತಾರಾ?"

"ಇಲ್ಲಮ್ಮ."

"ಮತ್ತೆ ಎಂತಕ್ಕೆ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಅಮ್ಮ ಅವನ ಪಾಲಿನ ಸಾರಿಗೆ ಕೊತ್ತಂಬರಿ ಒಂದು ಹಿಡಿ ಜಾಸ್ತಿಯೇ ಹಾಕತೊಡಗಿದಳು. ಅದು ಅಡುಗೆಗೆ ಒಳ್ಳೆಯದಾಗಲಿಲ್ಲ, ಆದರೂ ಅವನು ತಟ್ಟೆ ನೆಕ್ಕುತ್ತಿದ್ದ.

ಒಮ್ಮೆ ವಿರಾರಿನಲ್ಲಿರುವ ನನ್ನ ಚಿಕ್ಕಮ್ಮನ ಮನೆಗೆ ಅವನನ್ನೂ ಕರೆದುಕೊಂಡು ಹೋಗಿದ್ದೆವು. ಲೋಕಲಿನಲ್ಲಿ ಅವನು ಪ್ರತಿ ಸ್ಟೇಶನ್ನಿನ ಹೆಸರು ಓದುತ್ತಾ ಬಂದ. ಅವನ ಇಡೀ ಗಾಝಾ ಈ ತುದಿಯಿಂದ ಆ ತುದಿಗೆ ಚರ್ಚ್‌ಗೇಟಿನಿಂದ ಮೀರಾ ರೋಡಿನವರೆಗಿನ ಉದ್ದವಂತೆ. ಭಾಯಂದರ್ ದಾಟಿ ರೈಲು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ಹತ್ತಿದಾಗ ಸೀಟು ಬಿಟ್ಟೆದ್ದು ಬಾಗಿಲಿಗೆ ಹೋಗಿ ನಿಂತ. ಕೆಳಗೆ ನೀರು, ಮೀನಿನ ದೋಣಿ. ತಿರುಗಿ ಬಂದು, "ದೀದಿ, ನನ್ನ ದೇಶ ಮುಗಿಯಿತು. ಯಾರೂ ನನ್ನನ್ನು ಇಳಿಸಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಅವನ ಅಜ್ಜಿ ಹುಟ್ಟಿದ್ದು ಗಾಝಾದಿಂದ ಉತ್ತರಕ್ಕೆ, ಲೋಕಲಿನ ಲೆಕ್ಕದಲ್ಲಿ ಐದಾರು ಸ್ಟೇಶನ್ ಆಚೆ, ಕಡಲ ಬದಿಯ ಮೀನುಗಾರರ ಹಳ್ಳಿಯಲ್ಲಿ. ಇಸ್ರೇಲ್ ಹುಟ್ಟಿದ ನಲವತ್ತೆಂಟರಲ್ಲಿ ಅವರನ್ನು ಓಡಿಸಿದರು. ನಾಲ್ಕು ದಿನದಲ್ಲಿ ವಾಪಸು ಹೋಗುತ್ತೇವೆಂದು ಗಾಝಾದ ಮರಳಿನಲ್ಲಿ ಡೇರೆ ಹಾಕಿದರು. ಡೇರೆ ಹೋಗಿ ಸಿಮೆಂಟಿನ ಕೋಣೆಗಳಾದವು, ಕೋಣೆಗಳ ಮೇಲೆ ಕೋಣೆಗಳಾದವು. ಅಜ್ಜಿ ಅಲ್ಲಿಯೇ ಸತ್ತಳು. ಹುಟ್ಟಿದ ಊರಿನ ದೀಪಗಳು ಮಾಳಿಗೆಯಿಂದ ಕಾಣುತ್ತಿದ್ದವಂತೆ.

ಅಮ್ಮನಿಗೆ ಇವೆಲ್ಲ ಅರ್ಥವಾಯಿತು. ಅರ್ಥವಾಗದೇ ಉಳಿದದ್ದು ಸಮುದ್ರದ ವಿಷಯ. ಅವನ ಅಪ್ಪ ಚಿಕ್ಕ ದೋಣಿಯವನು. ಇಷ್ಟು ಮೈಲಿಯ ಆಚೆ ಹೋದರೆ ಗುಂಡು ಎಂದು ಇಸ್ರೇಲಿನವರು ಗೆರೆ ಹಾಕಿದ್ದರು. ಒಂದು ವರ್ಷ ಆರು ಮೈಲಿ, ಸಿಟ್ಟು ಬಂದರೆ ಮೂರು, ಮನಸ್ಸು ಬಂದರೆ ಇನ್ನಷ್ಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೀನು ಇರುವುದು ಗೆರೆಯ ಆಚೆ. ಒಮ್ಮೆ ಬಲೆಯ ಹಿಂದೆ ಸ್ವಲ್ಪ ತೇಲಿ ಹೋದದ್ದಕ್ಕೆ ಅಪ್ಪನನ್ನು ಬಟ್ಟೆ ಬಿಚ್ಚಿಸಿ ಚಳಿನೀರಿನಲ್ಲಿ ಈಜಿಸಿ ಹಿಡಿದುಕೊಂಡು ಹೋದರು, ಎಂಜಿನ್ನು ವಾಪಸು ಬರಲಿಲ್ಲ.

"ನೀರಿನ ಮೇಲೆ ಗೆರೆ ಕಾಣುವುದು ಹೇಗೆ?" ಎಂದು ಅಮ್ಮ ಕೇಳುತ್ತಿದ್ದಳು. ಒಂದು ಸಲವಲ್ಲ, ಅವನು ನಮ್ಮಲ್ಲಿ ಇದ್ದಷ್ಟು ಕಾಲ. "ನನ್ನ ಅಪ್ಪ ಬೂತಾಯಿಯ ಹಿಂದೆ ಹೋದರೆ ಕಾರವಾರದವರೆಗೆ ಹೋಗ್ತಿದ್ದ. ಮೀನಿಗೆ ಗೊತ್ತುಂಟಾ ಗೆರೆ?"

"ಮೀನಿಗೆ ಗೊತ್ತಮ್ಮ. ಅದಕ್ಕೇ ಆಚೆ ಇರುತ್ತದೆ," ಎನ್ನುತ್ತಿದ್ದ ಅವನು.

ಅವನು ಬಂದ ಮರುವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅವನ ಅಪ್ಪನಿಗೆ ಎದೆನೋವು ಬಂತು. ಆಪರೇಶನ್ ಮಾಡುವ ಆಸ್ಪತ್ರೆ ಇಸ್ರೇಲಿನವರ ಗೋಡೆಯ ಆಚೆ. ದಾಟಲು ಪರ್ಮಿಟ್ ಬೇಕು. ಪರ್ಮಿಟ್ ಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಕೊಡುತ್ತೇವೆ ಎಂದೂ ಹೇಳಲಿಲ್ಲ. ಪರಿಶೀಲನೆಯಲ್ಲಿದೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಾನೂ ಆಫೀಸಿನವಳು. "ಪರಿಶೀಲನೆಯಲ್ಲಿದೆ" ಎಂದರೆ ಏನೆಂದು ನನಗೆ ಗೊತ್ತು. ಆಸ್ಪತ್ರೆಯ ತಾರೀಕು ಮೂರು ಸಲ ಬಂದು ಮೂರು ಸಲವೂ ದಾಟಿಹೋಯಿತು. ಅವನ ತಂಗಿಯ ಫೋನು ಬಂದಾಗ ಅವನು ನಮ್ಮ ಅಡುಗೆಮನೆಯಲ್ಲಿ ಅಮ್ಮನಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದ. ಫೋನು ಕೆಳಗಿಟ್ಟು, ಉಳಿದ ಅರ್ಧ ಕಾಯಿಯನ್ನೂ ಪೂರ್ತಿ ತುರಿದು ಮುಗಿಸಿ, ಆಮೇಲೆ ಹೇಳಿದ.

ಅವನು ಹೋಗುವ ಹಾಗಿರಲಿಲ್ಲ. ಗೇಟು ಮುಚ್ಚಿತ್ತು. ತೆರೆದು ಒಳಗೆ ಹೋದರೂ ಮತ್ತೆ ಹೊರಗೆ ಬರುವ ಖಾತ್ರಿ ಇರಲಿಲ್ಲ. ಅಪ್ಪನನ್ನು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದ. ಅದೂ ಪೂರ್ತಿಯಲ್ಲ, ನಡುವೆ ಅಲ್ಲಿ ಕರೆಂಟು ಹೋಯಿತು.

ನಮ್ಮ ತುಳುವರಲ್ಲಿ ಆಟಿಯೆಂಬ ಮಳೆಯ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ಪದ್ಧತಿ. ಹಿಂದಿನ ಕೋಣೆಯಲ್ಲಿ ಸತ್ತವರ ಹೆಸರಿಗೊಂದು ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದ ಮೀನು, ಕೋಳಿ ಬಡಿಸಿ, ಗಂಡಸರಾದರೆ ಪಕ್ಕದಲ್ಲಿ ಒಂದು ಸಣ್ಣ ಲೋಟ ಸಾರಾಯಿ ಇಟ್ಟು, ಬಾಗಿಲೆಳೆದು ಹೊರಗೆ ಸುಮ್ಮನೆ ಕೂರಬೇಕು. ಅವರು ಬಂದು ಉಣ್ಣುತ್ತಾರೆ. ಆಮೇಲೆ ಮೆಲ್ಲಗೆ ಬಾಗಿಲು ತಟ್ಟಿ ಒಳಗೆ ಹೋಗಿ ಆ ಎಲೆಯದ್ದನ್ನು ಮನೆಯವರು ಹಂಚಿಕೊಂಡು ಉಣ್ಣಬೇಕು. ಹಿಂದಿನ ಕೋಣೆ ಈಗ ಅವನದು. ಅಮ್ಮ ಅವನ ಅಪ್ಪಣೆ ಕೇಳಿ ಚಾಪೆ ಸರಿಸಿ ನೆಲ ಒರೆಸಿದಳು. ಅವಳ ಅಪ್ಪನಿಗೊಂದು ಎಲೆ, ನನ್ನ ಅಪ್ಪನಿಗೊಂದು ಎಲೆ. ಆಮೇಲೆ ಮೂರನೆಯ ಎಲೆಯನ್ನೂ ಹಾಸಿದಳು.

"ಇದು ನಿನ್ನ ಅಪ್ಪನಿಗೆ," ಎಂದಳು. "ಅಲ್ಲಿ ಅವರಿಗೆ ಯಾರು ಬಡಿಸಿದ್ದಾರೋ ಎಂತೋ. ಸಮುದ್ರದವರು, ದಾರಿ ಗೊತ್ತಿರ್ತದೆ, ಬರ್ತಾರೆ."

ಮಳೆಗಾಲದಲ್ಲಿ ಒಳ್ಳೆಯ ಬೂತಾಯಿ ಸಿಗುವುದಿಲ್ಲ. ದಾದರ್ ಮಾರ್ಕೆಟಿಗೆ ಹೋಗಿ ಐಸಿನ ಮೀನು ಹುಡುಕಿ ತಂದಿದ್ದಳು. ಅನ್ನ, ಮೀನಿನ ಹುಳಿಖಾರದ ಸಾರು ಪುಳಿಮುಂಚಿ, ಹುರಿದ ಮೀನು. ಮೂರು ಎಲೆಗೂ ಒಂದೇ ಸಮನಾಗಿ ಬಡಿಸಿದಳು. ಮೂರು ಎಲೆಯ ಪಕ್ಕದಲ್ಲಿಯೂ ಸಾರಾಯಿ ಇಟ್ಟಳು.

ಅವನು ಲೋಟ ಎತ್ತಿ ಮೂಸಿದ. ನನಗೆ ಆಗ ಹೊಳೆಯಿತು, ಅಮ್ಮನಿಗೆ ಹೊಳೆದಿರಲಿಲ್ಲ. ವಾರದಿಂದ ಸರಿಯಾಗಿ ಬಾಯಿ ಬಿಡದಿದ್ದವನು ಗೋಡೆಗೊರಗಿ ಕೂತು ನಗಲು ಶುರುಮಾಡಿದ. ಕಣ್ಣಿನಲ್ಲಿ ನೀರು ಬರುವವರೆಗೆ ನಕ್ಕ, ನೀರು ಬಂದ ಮೇಲೆ ಅತ್ತ. "ಅಮ್ಮ, ನನ್ನ ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಸತ್ತ ಮೇಲೆ ನೀವು ಕಲಿಸುತ್ತಿದ್ದೀರಿ."

ಅಮ್ಮ ತಲೆ ತಲೆ ಬಡಿದುಕೊಂಡಳು. "ಅಯ್ಯೋ ದೇವರೇ, ಮುಸಲ್ಮಾನರಲ್ವಾ. ಕುಡಿಯದ ಮೀನುಗಾರನನ್ನು ನಾನು ಎಲ್ಲಿ ಕಂಡಿದ್ದೇನೆ? ಎಂತ ಕುಡೀತಿದ್ರು ಅವರು?"

"ಚಹಾ. ಹಾಲಿಲ್ಲದೆ. ಸಕ್ಕರೆ ಜಾಸ್ತಿ."

ಅಮ್ಮ ಆ ಲೋಟ ತೊಳೆದು, ಕಪ್ಪು ಚಹಾ ಮಾಡಿ, ಸಕ್ಕರೆ ಸುರಿದು ತಂದಿಟ್ಟಳು. ಬಾಗಿಲೆಳೆದು ನಾವು ಮೂವರೂ ಹೊರಗಿನ ಕೋಣೆಯಲ್ಲಿ ಕೂತೆವು. ಅವನು ನನ್ನ ಕಡೆ ಬಾಗಿ, "ದೀದಿ, ನಮ್ಮಲ್ಲಿ ಸತ್ತವರು ಉಣ್ಣುವುದಿಲ್ಲ. ಅವರ ಹೆಸರಿನಲ್ಲಿ ನೆರೆಯವರು ಉಣ್ಣುತ್ತಾರೆ. ಅಮ್ಮನಿಗೆ ಹೇಳಬೇಡಿ," ಎಂದ. ಬಾಗಿಲು ತೆರೆದ ಮೇಲೆ ತನ್ನ ಅಪ್ಪನ ಎಲೆಯನ್ನು ಎತ್ತಿಕೊಂಡು ಕೆಳಗೆ ವಾಚ್‌ಮನ್ನನಿಗೆ ಕೊಟ್ಟು ಬಂದ. ವಾಚ್‌ಮನ್ ಕಲಬುರಗಿ ಕಡೆಯವನು. ಮರುದಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, "ಅಕ್ಕಾರ, ಆ ಹುಡುಗನ ಅಪ್ಪಾರ ಹೆಸರ್ಲೇ ಮೀನಾ ಉಂಡೀನ್ರೀ. ಅವರಿಗೆ ಛಲೋ ಆಗ್ಲಿ," ಎಂದ. ಆ ವರ್ಷದಿಂದ ಪ್ರತಿ ಆಟಿಯಲ್ಲೂ ನಮ್ಮ ಮನೆಯಲ್ಲಿ ಮೂರು ಎಲೆ, ಎರಡು ಸಾರಾಯಿ, ಒಂದು ಚಹಾ.

ಮತ್ತೊಂದು ದಿನ ಇಡೀ ಮುಂಬಯಿಗೆ ಕರೆಂಟು ಹೋಯಿತು. ಲೋಕಲ್ ನಿಂತವು, ಲಿಫ್ಟು ನಿಂತಿತು, ನಮ್ಮ ಬಿಲ್ಡಿಂಗಿನವರು ಪ್ರಳಯವಾದವರ ಹಾಗೆ ಮೆಟ್ಟಿಲಿಗೆ ಬಂದು ನಿಂತರು. ಅವನಿಗೆ ಹಬ್ಬ. "ಕೊನೆಗೂ," ಎಂದ ನನಗೆ. ಪಂಪು ನಡೆಯುವುದಿಲ್ಲ, ಟ್ಯಾಂಕಿಯಲ್ಲಿ ಇರುವಷ್ಟು ಈಗಲೇ ಹಿಡಿದುಕೊಳ್ಳಿ ಎಂದು ಪ್ರತಿ ಬಾಗಿಲಿಗೂ ಹೋಗಿ ಹೇಳಿದ. ಆರನೇ ಮಹಡಿಯಲ್ಲಿ ಸೆಕ್ರೆಟರಿಯ ತಾಯಿ ಹಾಸಿಗೆ ಹಿಡಿದಿದ್ದರು. ಅವರಿಗೆ ಕೆಳಗಿನಿಂದ ಬಕೆಟ್ಟು ಬಕೆಟ್ಟು ನೀರು ಹೊತ್ತ, ಟಾರ್ಚು ಕೊಟ್ಟ, ಗಾಳಿ ಬೀಸುತ್ತಾ ಕೂತ. ಆ ಮುದುಕಿ ಅವನ ತಲೆ ಸವರಿದ್ದನ್ನು ನಾನೇ ನೋಡಿದ್ದೇನೆ. ಸೆಕ್ರೆಟರಿಯೂ ನೋಡಿದ್ದಾರೆ.

ಓದು ಮುಗಿದ ಮೇಲೆ ಅವನು ಇಲ್ಲಿಯೇ ಇನ್ನೂ ಓದಬಹುದಿತ್ತು. ಪ್ರೊಫೆಸರು ಉಳಿಸಿಕೊಳ್ಳಲು ತಯಾರಿದ್ದರು. ನಾನು ಬೈದೆ, ಬೇಡಿಕೊಂಡೆ. ಜೈಲಿಗೆ ತಾನಾಗಿಯೇ ವಾಪಸು ಹೋಗುವ ಮೂರ್ಖನನ್ನು ನಾನು ನೋಡಿಲ್ಲ ಎಂದೆ. ಅವನು ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದ. "ದೀದಿ, ಬೀಗ ಹಾಕಿರುವುದು ಹೊರಗಿನಿಂದ. ಒಳಗೆ ನನ್ನ ಅಮ್ಮ ಇದ್ದಾಳೆ," ಎಂದ. ನಾನೂ ಅಮ್ಮನ ಜೊತೆಗೇ ಇರುವವಳು. ಅಮ್ಮ ಅವನ ಬ್ಯಾಗಿನಲ್ಲಿ ಹುರಿದು ಪುಡಿಮಾಡಿದ ಕೊತ್ತಂಬರಿ ಕಟ್ಟಿಟ್ಟಳು. ಈಗ ಅಲ್ಲಿ ಸಿಗುತ್ತದೆ ಎಂದರೂ ಕೇಳಲಿಲ್ಲ.

ಅಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಒಂದು ಸಣ್ಣ ಘಟಕದಲ್ಲಿ ಅವನಿಗೆ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಅಮ್ಮನಿಗೆ ಮಾತು ಕಳಿಸುತ್ತಿದ್ದ, ಅದೇ ಒಡಕು ಹಿಂದಿಯಲ್ಲಿ. ವಸಂತದಲ್ಲಿ ಬೂತಾಯಿ ಬಂದರೆ ಫೋಟೊ.

ಆಮೇಲೆ ಆ ಅಕ್ಟೋಬರ್ ಬಂತು. ಅವರ ಕಡೆಯ ಬಂದೂಕಿನವರು ಬೇಲಿ ಒಡೆದು ಹೋಗಿ ಆಚೆ ಇಸ್ರೇಲಿನ ಮನೆಗಳಿಗೆ ನುಗ್ಗಿ ಜನರನ್ನು ಕೊಂದರು, ಹೊತ್ತೊಯ್ದರು. ಅವನು ಅದನ್ನು ಸರಿ ಎನ್ನಲಿಲ್ಲ. "ಇದರ ಬೆಲೆಯನ್ನು ನನ್ನ ಅಮ್ಮ ಕೊಡುತ್ತಾಳೆ," ಎಂದಷ್ಟೇ ಕಳಿಸಿದ. ಮುಂದಿನದು ಎಲ್ಲರೂ ನೋಡಿದ್ದೇ. ನಮ್ಮ ಸೊಸೈಟಿಯವರೂ ನೋಡಿದರು, ಊಟ ಮಾಡುತ್ತಾ ನೋಡಿದರು. ನೀರು ಬರುವ ಸಮಯ, ಗಣಪತಿ ಹಬ್ಬದ ವಂತಿಗೆ ತಿಳಿಸಲಿಕ್ಕೆಂದು ಮಾಡಿಕೊಂಡ ಬಿಲ್ಡಿಂಗಿನ ಗ್ರೂಪಿನಲ್ಲಿ ಒಂದು ಬೆಳಿಗ್ಗೆ ಸೆಕ್ರೆಟರಿ ಒಂದು ವೀಡಿಯೊ ಹಾಕಿದರು. ಗಾಝಾದ ಆರು ಮಹಡಿಯ ಕಟ್ಟಡ, ನಮ್ಮದರ ಹಾಗೆಯೇ, ಬಾಲ್ಕನಿಯಲ್ಲಿ ಒಗೆದ ಬಟ್ಟೆ. ಬಾಂಬು ಬಿದ್ದು ಅದು ಕುಸಿದು ಕೂತಿತು. ಕೆಳಗೆ ಚಪ್ಪಾಳೆಯ ಚಿತ್ರ. ಅದರ ಕೆಳಗೆ ನಾಲ್ಕನೇ ಮಹಡಿಯವರ ಹೆಬ್ಬೆರಳು, ಎರಡನೇ ಮಹಡಿಯವರ ಕೈಮುಗಿತ, ಗುಡ್ ಮಾರ್ನಿಂಗ್‌ನ ಗುಲಾಬಿ.

ನಾನು ಆರನೇ ಮಹಡಿಗೆ ಹೋಗಿ ಬೆಲ್ ಮಾಡಿದೆ. "ನಿಮ್ಮ ಅಮ್ಮನಿಗೆ ನೀರು ಹೊತ್ತವನು ಇಂಥ ಬಿಲ್ಡಿಂಗಿನಲ್ಲಿಯೇ ಇರುವುದು," ಎಂದೆ ಹಿಂದಿಯಲ್ಲಿ. ಅವರು, "ಮ್ಯಾಡಮ್, ವೋ ತೋ ಅಚ್ಛಾ ಲಡ್ಕಾ ಥಾ. ಉಸ್ಕೀ ಬಾತ್ ನಹೀಂ ಹೈ," ಎಂದರು. ಅವನು ಒಳ್ಳೆಯ ಹುಡುಗ, ಅವನ ಮಾತಲ್ಲವಂತೆ. ಹಾಗಾದರೆ ಯಾರ ಮಾತು ಎಂದು ಕೇಳಿದೆ. ಚಹಾ ಕುಡಿದು ಹೋಗಿ ಎಂದರು. ನಾನು ಇಳಿದು ಬಂದೆ. ಅಂದಿನಿಂದ ಲಿಫ್ಟಿನಲ್ಲಿ ಅವರು ಇದ್ದರೆ ನಾನು ಮೆಟ್ಟಿಲು ಹತ್ತುತ್ತೇನೆ. ಅದರಿಂದ ಅವರಿಗೇನೂ ನಷ್ಟವಿಲ್ಲ, ನನಗೆ ಮೊಣಕಾಲು ನೋವು. ಇಡೀ ಬಿಲ್ಡಿಂಗಿನಲ್ಲಿ "ಆ ಹುಡುಗ ಹ್ಯಾಂಗದಾನ್ರೀ ಅಕ್ಕಾರ?" ಎಂದು ಕೇಳುವವನು ವಾಚ್‌ಮನ್ ಒಬ್ಬನೇ.

ಹ್ಯಾಂಗದಾನೆ ಎಂದು ನಮಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಮನೆ ಹೋಯಿತು, ಘಟಕ ಹೋಯಿತು. ಅವನ ಅಜ್ಜಿ ಡೇರೆ ಹಾಕಿದ ಅದೇ ಮರಳಿನಲ್ಲಿ ಅವನು ತನ್ನ ಅಮ್ಮನಿಗೆ ಡೇರೆ ಹಾಕಿದ. ಮಾತು ಕಳಿಸುವುದು ತಿಂಗಳಿಗೊಂದಾಯಿತು, ಆಮೇಲೆ ಇನ್ನೂ ಅಪರೂಪವಾಯಿತು. ಮೊದಲು ಬಾಂಬಿನ ಸುದ್ದಿ ಹೇಳುತ್ತಿದ್ದವನು ಕೊನೆಕೊನೆಗೆ ಹೇಳಿದ್ದು ಊಟದ ಸುದ್ದಿಯೊಂದೇ. ಹಿಟ್ಟಿಗೆ ಸಾಲು ನಿಲ್ಲಬೇಕು, ಸಾಲಿನ ಮೇಲೂ ಗುಂಡು ಹಾರುತ್ತದೆ. ಪಶುವಿನ ಮೇವನ್ನು ಬೀಸಿ ರೊಟ್ಟಿ ತಟ್ಟಿದ್ದು. ಕೊನೆಯದರಲ್ಲಿ, "ಅಮ್ಮ, ನೀವು ಕಟ್ಟಿಕೊಟ್ಟ ಕೊತ್ತಂಬರಿ ಮನೆಯ ಜೊತೆಗೇ ಹೋಯಿತು. ಇವತ್ತು ಬೂತಾಯಿಯ ವಾಸನೆ ನೆನಪಾಯಿತು," ಎಂದು ಹೇಳಿ ಸ್ವಲ್ಪ ನಕ್ಕ. ಹಿನ್ನೆಲೆಯಲ್ಲಿ ಡ್ರೋನಿನ ಜುಂಯ್ ಸದ್ದು. ಅದಾದ ಮೇಲೆ ನಾವು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್ ಗುರುತು ಬೀಳುತ್ತಿದೆ, ತಲುಪಿತು ಎನ್ನುವ ಎರಡನೆಯದು ಬೀಳುತ್ತಿಲ್ಲ. ತಂಗಿಯ ನಂಬರಿಗೂ ಹಾಗೆಯೇ. ಕಾಲೇಜಿನ ಮೂಲಕ ರಾಯಭಾರ ಕಚೇರಿಗೆ ಬರೆಸಿದೆ. ವಿಚಾರಿಸುತ್ತೇವೆ ಎಂದಿದ್ದಾರೆ.

ಈ ಸಲದ ಆಟಿಗೆ ಅಮ್ಮ ಎಲೆ ಒರೆಸುತ್ತಾ ಕೂತವಳು ಏಳಲೇ ಇಲ್ಲ. ಮೂರು ಎಲೆ ಒರೆಸಿಯಾಗಿತ್ತು. ನಾಲ್ಕನೆಯದು ಮಡಿಲಲ್ಲಿತ್ತು.

"ಇಡಬೇಡ," ಎಂದೆ. "ಸತ್ತಿದ್ದಾನೆ ಅಂತ ಯಾರೂ ಹೇಳಿಲ್ಲ."

"ಇದ್ದಾನೆ ಅಂತ ಯಾರಾದ್ರೂ ಹೇಳಿದ್ದಾರಾ?"

ನಾನು ಒಲೆಯ ಉರಿ ಸಣ್ಣ ಮಾಡಿದೆ.

"ಸತ್ತವನಿಗೆ ಬಡಿಸದಿದ್ರೆ ಅವ ಹಸಿದುಕೊಂಡು ತಿರುಗ್ತಾನೆ," ಎಂದಳು. "ಬದುಕಿರುವವನಿಗೆ ಆ ಕೋಣೆಯಲ್ಲಿ ಎಲೆ ಹಾಕಿದ್ರೆ ನಾನೇ ಕೊಂದ ಹಾಗೆ. ನಾನು ಎಂತ ಮಾಡುವುದು, ನೀನೇ ಹೇಳು. ಓದಿದವಳಲ್ವಾ ನೀನು."

ಸತ್ತಿದ್ದರೂ ಹಸಿದಿದ್ದಾನೆ, ಬದುಕಿದ್ದರೆ ಇನ್ನೂ ಹಸಿದಿದ್ದಾನೆ, ಅಷ್ಟು ಮಾತ್ರ ನಮ್ಮಿಬ್ಬರಿಗೂ ಗೊತ್ತಿತ್ತು. ಮಾರ್ಕೆಟಿನಲ್ಲಿ ಐಸಿನ ಮೀನು ರಾಶಿ ಬಿದ್ದಿತ್ತು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ನನಗೆ ಆ ಅಡುಗೆಮನೆಯಲ್ಲಿ ನಿಲ್ಲಲು ನಾಚಿಕೆಯಾಯಿತು.

ಅಮ್ಮ ಎದ್ದು ಹಿಂದಿನ ಕೋಣೆಗೆ ಹೋಗಿ ಮೂರು ಎಲೆ ಹಾಸಿ ಬಡಿಸಿದಳು. ಎರಡು ಸಾರಾಯಿ, ಒಂದು ಚಹಾ. ಬಾಗಿಲೆಳೆದಳು. ನಾಲ್ಕನೆಯ ಎಲೆಯನ್ನು ಮತ್ತೆ ಅಡುಗೆಮನೆಯ ಡಬ್ಬಿಗಳ ಮೇಲೆ ಇಟ್ಟಳು. ಕಪಾಟಿನಿಂದ ಅವನ ತಟ್ಟೆ ತೆಗೆದಳು, ಅಂಚು ಸ್ವಲ್ಪ ನೆಗ್ಗಿದ ಸ್ಟೀಲಿನ ತಟ್ಟೆ. ನಾವು ದಿನಾ ಕೂರುವ ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕದಲ್ಲಿ ಅದನ್ನಿಟ್ಟು ಅನ್ನ, ಪುಳಿಮುಂಚಿ, ಎರಡು ಹುರಿದ ಮೀನು ಬಡಿಸಿದಳು. ಕೊತ್ತಂಬರಿ ಜಾಸ್ತಿಯಾಗಿತ್ತು. ನಾವು ಕಾದೆವು. ಮೆಲ್ಲಗೆ ಬಾಗಿಲು ತಟ್ಟಿ ನಮ್ಮ ಸತ್ತವರ ಎರಡು ಎಲೆಗಳನ್ನು ಹೊರಗೆ ತಂದು ಹಂಚಿಕೊಂಡು ಉಂಡೆವು. ಅವನ ಅಪ್ಪನ ಎಲೆಯನ್ನು ನಾನು ವಾಚ್‌ಮನ್ನನಿಗೆ ಕೊಟ್ಟು ಬಂದೆ. ಬಂದು ನೋಡಿದರೆ ಅಮ್ಮ ಆ ಸ್ಟೀಲಿನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಫ್ರಿಡ್ಜಿನಲ್ಲಿ ಇಡುತ್ತಿದ್ದಳು, ಲೋಕಲ್ ತಡವಾದ ದಿನಗಳಲ್ಲಿ ನನಗೆ ಇಡುವ ಹಾಗೆ.

"ಇರಲಿ," ಎಂದಳು. "ಬಂದಾಗ ಬಿಸಿ ಮಾಡಿ ಕೊಟ್ಟರಾಯಿತು."